ಕಿಪ್ಲಿಂಗ್‌ನ ಕಿವಿ, ಕಿಪ್ಲಿಂಗ್‌ನ ಬಾಯಿ

ಕಳೆದ ತಿಂಗಳು ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ 'ಜಂಗಲ್ ಬುಕ್' ಬರೆದ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಬರಲಾಗದವರು ಬರೆದು ಕೊಡಿ ಅಂದರು. ಆಡಿದ್ದನ್ನೇ ಬರೆದಿದ್ದೇನೆ, ಹೇಳಬೇಕೆಂದು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ಕವಿತೆಯ ಸಾಲುಗಳನ್ನು ಅರ್ಥಕ್ಕಾಗಿ ಮಾತ್ರ ಕನ್ನಡಕ್ಕೆ ತಂದಿದ್ದೇನೆ. ಅವುಗಳ ಲಯ ಬೇಕಾದರೆ ಮೂಲವನ್ನೇ ಓದಬೇಕು, ಅದೂ ಗಟ್ಟಿಯಾಗಿ.

ಐದು ವರ್ಷದ ಒಬ್ಬ ಹುಡುಗನಿಂದ ಶುರು ಮಾಡುತ್ತೇನೆ. ಊರು ಬೊಂಬಾಯಿ. ಅಪ್ಪ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಮೇಷ್ಟ್ರು. ಹುಡುಗ ಹುಟ್ಟಿದ್ದು ಆ ಶಾಲೆಯ ಆವರಣದಲ್ಲೇ, 1865ರ ಡಿಸೆಂಬರ್ 30ರಂದು. ಅವನನ್ನು ಎತ್ತಿ ಆಡಿಸಿದವರು ಇಬ್ಬರು. ಒಬ್ಬಳು ಕ್ಯಾಥೊಲಿಕ್ ಆಯಾ, ಇನ್ನೊಬ್ಬ ಮೀತಾ ಅನ್ನೋ ಹಿಂದೂ ಸೇವಕ. ಮಧ್ಯಾಹ್ನದ ಬಿಸಿಲಲ್ಲಿ ಮಲಗಿಸುವಾಗ ಇವರು ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು, ಎಲ್ಲ ಅವರದೇ ಮಾತಿನಲ್ಲಿ. ಆಮೇಲೆ ಹುಡುಗನಿಗೆ ಬಟ್ಟೆ ಹಾಕಿ ಅಪ್ಪ ಅಮ್ಮನ ಹತ್ತಿರ ಕಳಿಸುವಾಗ ಒಂದು ಎಚ್ಚರಿಕೆ: "ಈಗ ಇಂಗ್ಲಿಷ್ ಮಾತಾಡು." ತಾನು ಯೋಚಿಸುತ್ತಿದ್ದ, ಕನಸು ಕಾಣುತ್ತಿದ್ದ ಭಾಷೆಯಿಂದ ತಡವರಿಸುತ್ತಾ ತರ್ಜುಮೆ ಮಾಡಿಕೊಂಡು ಇಂಗ್ಲಿಷ್ ಆಡುತ್ತಿದ್ದೆ ಅಂತ ಅವನು ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಅದೇ ಪುಟಗಳಲ್ಲಿ ಇನ್ನೊಂದು ಚಿತ್ರ ಇದೆ. ಮೀತಾ ಆಗಾಗ ಚಿಕ್ಕ ಚಿಕ್ಕ ಗುಡಿಗಳಿಗೆ ಹೋಗುತ್ತಿದ್ದ, ಹುಡುಗನನ್ನೂ ಕರೆದುಕೊಂಡೇ ಹೋಗುತ್ತಿದ್ದ. ಜಾತಿ ಅಡ್ಡ ಬರುವ ವಯಸ್ಸು ಇನ್ನೂ ಆಗಿರಲಿಲ್ಲ. ಮೀತಾನ ಕೈ ಹಿಡಿದು ನಿಂತು, ಒಳಗಿನ ಮಬ್ಬಿನಲ್ಲಿ ಕಂಡೂ ಕಾಣದ ಹಾಗಿದ್ದ ಆ ಸ್ನೇಹದ ದೇವರುಗಳನ್ನು ನೋಡುತ್ತಿದ್ದೆ ಅನ್ನುತ್ತಾನೆ. ಸ್ನೇಹದ ದೇವರು ಅನ್ನೋದು ಅವನದೇ ಮಾತು. ಈ ಚಿತ್ರಕ್ಕೆ ಮತ್ತೆ ಬರುತ್ತೇನೆ.

ನಾನು ಇವತ್ತು ಹೇಳಬೇಕಾಗಿರುವುದು ಒಂದೇ ಮಾತು. ಕಿಪ್ಲಿಂಗ್‌ಗೆ ಕಿವಿ ಕೊಟ್ಟದ್ದು ಈ ನೆಲ, ಬಾಯಿ ಕೊಟ್ಟದ್ದು ಸಾಮ್ರಾಜ್ಯ. ಅವನು ಕೇಳಿಸಿಕೊಂಡು ಬರೆದ ಕಡೆ ಅವನಂಥ ಕಥೆಗಾರ ಸಿಗೋದು ಕಷ್ಟ. ಕೇಳಿಸಿಕೊಳ್ಳೋದು ನಿಲ್ಲಿಸಿ ಉಪದೇಶಕ್ಕೆ ಇಳಿದ ಕಡೆ ಓದಿದರೆ ಮೈ ಉರಿಯುತ್ತದೆ. ಎರಡೂ ಒಬ್ಬನೇ ಮನುಷ್ಯ, ಎಷ್ಟೋ ಸಲ ಒಂದೇ ಪುಟ. ಹಾಗಾಗಿ ಇವನನ್ನು ಪೂರ್ತಿ ಒಪ್ಪಿಕೊಳ್ಳೋದೂ ಪೂರ್ತಿ ಎಸೆಯೋದೂ ನನ್ನಿಂದ ಆಗಿಲ್ಲ. ಇಪ್ಪತ್ತು ವರ್ಷದಿಂದ ಓದುತ್ತಾ ಬಂದಿದ್ದೇನೆ, ಜಗಳ ಆಡುತ್ತಲೇ ಓದಿದ್ದೇನೆ.

1871ರಲ್ಲಿ ಹುಡುಗನನ್ನೂ ಅವನ ತಂಗಿಯನ್ನೂ ಇಂಗ್ಲೆಂಡಿಗೆ ಕರೆದೊಯ್ದು, ಸೌತ್‌ಸೀ ಅನ್ನೋ ಊರಲ್ಲಿ ದುಡ್ಡು ತೆಗೆದುಕೊಂಡು ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ವಾಪಸ್ ಬಂದುಬಿಟ್ಟರು. ಇಂಡಿಯಾದಲ್ಲಿದ್ದ ಬ್ರಿಟಿಷರಲ್ಲಿ ಅದು ಸಾಮಾನ್ಯ ರೂಢಿ. ಆದರೆ ಮಕ್ಕಳಿಗೆ ಯಾರೂ ಏನೂ ಹೇಳಿರಲಿಲ್ಲ. ಸುಮಾರು ಆರು ವರ್ಷ ಆ ಮನೆಯಲ್ಲಿ ಹೊಡೆತ, ಅವಮಾನ, ನರಕದ ಹೆದರಿಕೆ. ಆ ಮನೆಗೆ ಅವನು ಮುಂದೆ 'ಹಾಳು ಮನೆ' ಅಂತಲೇ ಹೆಸರಿಟ್ಟ. ಅಲ್ಲಿ ಅವನ ಕಣ್ಣೂ ಹಾಳಾಯಿತು. 1888ರಲ್ಲಿ ಬರೆದ 'ಬಾ ಬಾ ಬ್ಲ್ಯಾಕ್ ಶೀಪ್' ಕಥೆ ಇದರದ್ದೇ. ಕಥೆಯ ಕೊನೆಗೆ ತಾಯಿ ಬರುತ್ತಾಳೆ, ಎಲ್ಲ ಸರಿಹೋಯಿತು ಅಂತ ನಮಗನಿಸುತ್ತದೆ. ಆದರೆ ಎಳೆಯ ತುಟಿ ಒಂದು ಸಲ ದ್ವೇಷ ಮತ್ತು ಹತಾಶೆಯ ನೀರನ್ನು ಹೊಟ್ಟೆ ತುಂಬ ಕುಡಿದರೆ ಲೋಕದ ಪ್ರೀತಿಯೆಲ್ಲ ಸೇರಿದರೂ ಆ ರುಚಿಯನ್ನು ಪೂರ್ತಿ ಅಳಿಸಲಾರದು ಅನ್ನುತ್ತಾನೆ ಕಥೆಗಾರ. ಅದನ್ನು ಬರೆದಾಗ ಅವನಿಗೆ 23 ತುಂಬಿರಲಿಲ್ಲ.

ಓದು ಮುಗಿಸಿ 1882ರಲ್ಲಿ ಬೊಂಬಾಯಿಗೆ ಬಂದು ಇಳಿದಾಗ ಇನ್ನೂ 17 ಆಗಿರಲಿಲ್ಲ. ಹಡಗಿನಿಂದ ಇಳಿಯುತ್ತಲೇ ಆ ವಾಸನೆ, ಆ ನೋಟಗಳ ನಡುವೆ ಅವನ ಬಾಯಿಂದ ಹಳೆಯ ಭಾಷೆಯ ವಾಕ್ಯಗಳು ತಾವಾಗಿ ಹೊರಬಂದವಂತೆ. ತಾನು ಏನು ಹೇಳುತ್ತಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ. ಅರ್ಥ ಮರೆತುಹೋಗಿತ್ತು, ಸದ್ದು ಉಳಿದಿತ್ತು. ನನಗೆ ಇದು ಕಿಪ್ಲಿಂಗ್ ಬದುಕಿನ ಅತಿ ಮುಖ್ಯ ಗಳಿಗೆ ಅನಿಸುತ್ತದೆ. ಹೊರನಾಡಲ್ಲಿ ಬೆಳೆದ ನಮ್ಮ ಮಕ್ಕಳು ಅಜ್ಜಿ ಮನೆಗೆ ಬಂದಾಗ ಎಲ್ಲೋ ಅಡಗಿದ್ದ ಒಂದು ಕನ್ನಡ ಪದ ಇದ್ದಕ್ಕಿದ್ದಂತೆ ಅವರ ಬಾಯಿಗೆ ಬರೋದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಲಾಹೋರಿನಲ್ಲಿ 'ಸಿವಿಲ್ ಅಂಡ್ ಮಿಲಿಟರಿ ಗೆಜೆಟ್' ಪತ್ರಿಕೆಯ ಕೆಲಸ. 1887ರಿಂದ ಅಲಹಾಬಾದಿನ 'ಪಯೊನಿಯರ್'. ಬೇಸಿಗೆ ರಾತ್ರಿ ನಿದ್ದೆ ಬಾರದೆ ಲಾಹೋರಿನ ಗಲ್ಲಿಗಳಲ್ಲಿ ತಿರುಗುತ್ತಿದ್ದ. ಪತ್ರಿಕೆಯಲ್ಲಿ ಜಾಗ ಕಮ್ಮಿ, ಹಾಗಾಗಿ ಕಥೆ ಚಿಕ್ಕದಾಗಿಯೇ ಇರಬೇಕು. ಒಂದು ಪದವೂ ಜಾಸ್ತಿ ಆಗದ ಬರವಣಿಗೆ ಅವನಿಗೆ ಬಂದದ್ದು ಹೀಗೆ. 1888ರಲ್ಲಿ ಅಲಹಾಬಾದಿನ ಎ.ಎಚ್. ವೀಲರ್ ಕಂಪನಿ ಅವನ ಕಥೆಗಳನ್ನು ಆರು ತೆಳ್ಳನೆ ಪುಸ್ತಕಗಳಾಗಿ ತಂದು ರೈಲ್ವೆ ಸ್ಟೇಷನ್‌ಗಳಲ್ಲಿ ಒಂದೊಂದು ರೂಪಾಯಿಗೆ ಮಾರಿತು. ಮುಂದೆ ನೊಬೆಲ್ ಪಡೆದವನ ಕಥೆಗಳು ಹೀಗೆ ರೈಲು ಪ್ರಯಾಣಿಕರಿಗೆ ಮಾರಾಟವಾದವು. ನನಗೆ ಇದು ತುಂಬ ಇಷ್ಟದ ಸಂಗತಿ.

ಆ ಕಾಲದ ಒಂದು ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 'ಪ್ಲೇನ್ ಟೇಲ್ಸ್ ಫ್ರಮ್ ದ ಹಿಲ್ಸ್' ಸಂಕಲನದ 'ಮುಹಮ್ಮದ್ ದೀನನ ಕಥೆ'. ಮೂರು ನಾಲ್ಕು ಪುಟ ಅಷ್ಟೇ.

ಕಥೆ ಹೇಳುವ ಸಾಹೇಬನ ಮನೆಯಲ್ಲಿ ಒಂದು ಹಳೇ ಪೋಲೊ ಚೆಂಡು ಬಿದ್ದಿರುತ್ತದೆ, ಸವೆದು ಒಡೆದದ್ದು. ಮನೆಯ ಆಳು ಇಮಾಮ್ ದೀನ್ ಅದನ್ನು ಕೇಳುತ್ತಾನೆ. ತನಗಲ್ಲ, ಮಗನಿಗೆ. ಮಾರನೇ ದಿನ ಸಾಹೇಬ ಬೇಗ ಮನೆಗೆ ಬಂದರೆ ಊಟದ ಕೋಣೆಯಲ್ಲಿ ಒಂದು ದುಂಡಗಿನ ಮಗು ನಿಂತಿದೆ. ಅಂಗಿ ಹೊಟ್ಟೆಯ ಅರ್ಧಕ್ಕೆ ಬಂದು ನಿಂತುಬಿಟ್ಟಿದೆ, ಬಾಯಲ್ಲಿ ಹೆಬ್ಬೆರಳು. ಸಾಹೇಬನನ್ನು ಕಂಡು ಹೆದರಿ ಕೂತು ಅಳುತ್ತದೆ. ಅಪ್ಪ ಓಡಿ ಬಂದು, ಇವನು ದೊಡ್ಡ ಬದ್ಮಾಶ್, ಜೈಲಿಗೇ ಹೋಗೋನು ಅಂತ ಬೈಯುತ್ತಾನೆ. ಆಗ ಮಗು ಅಪ್ಪನ ತೋಳಲ್ಲೇ ತಿರುಗಿ ಹೇಳುತ್ತದೆ: "ನನ್ನ ಹೆಸರು ಮುಹಮ್ಮದ್ ದೀನ್ ಅನ್ನೋದು ನಿಜ. ಆದರೆ ನಾನು ಬದ್ಮಾಶ್ ಅಲ್ಲ. ನಾನು ಗಂಡಸು!" ಅದಕ್ಕೆ ಸ ಕಾರ ಬರುವುದಿಲ್ಲ. 'ಸಲಾಂ ಸಾಹಿಬ್' ಅನ್ನೋದನ್ನು 'ತಲಾಂ ತಾಹಿಬ್' ಅನ್ನುತ್ತದೆ. ಅಲ್ಲಿಂದ ಇಬ್ಬರಿಗೂ ಪರಿಚಯ. ದಿನಾ ತೋಟದಲ್ಲಿ ಎದುರಾದಾಗ ಅತ್ತ ಕಡೆಯಿಂದ 'ತಲಾಂ ತಾಹಿಬ್', ಇತ್ತ ಕಡೆಯಿಂದ 'ಸಲಾಂ ಮುಹಮ್ಮದ್ ದೀನ್'. ಇಷ್ಟೇ ಮಾತು. ಪೂರ್ತಿ ಹೆಸರು ಹಿಡಿದು, ಗಂಭೀರವಾಗಿ.

ಮಗು ತೋಟದ ಮೂಲೆಯಲ್ಲಿ ಏನೋ ಕಟ್ಟುತ್ತಿರುತ್ತದೆ. ಪೋಲೊ ಚೆಂಡನ್ನು ಅರ್ಧ ಹೂತಿದೆ. ಸುತ್ತ ಬಾಡಿದ ಆರು ಚೆಂಡು ಹೂವು. ಅದರ ಸುತ್ತ ಇಟ್ಟಿಗೆ ಚೂರು, ಪಿಂಗಾಣಿ ಚೂರುಗಳ ಚೌಕ. ಅದರ ಆಚೆ ಮಣ್ಣಿನ ಪುಟ್ಟ ದಿಬ್ಬ. ಸಾಹೇಬ ಒಂದು ಸಂಜೆ ಗೊತ್ತಿಲ್ಲದೆ ಅದನ್ನು ತುಳಿದುಬಿಡುತ್ತಾನೆ. ಮಗು ಅಳುತ್ತದೆ, ಮತ್ತೆ ಕಟ್ಟುತ್ತದೆ. ಇನ್ನೂ ದೊಡ್ಡದೊಂದು ಅರಮನೆಯನ್ನೇ ಕಟ್ಟಲು ಹೊರಡುತ್ತದೆ. ಒಂದು ದಿನ 'ತಲಾಂ' ಕೇಳಿಸುವುದಿಲ್ಲ. ಜ್ವರ. ಡಾಕ್ಟರ್ ಬರುತ್ತಾನೆ, ಈ ಮಕ್ಕಳಿಗೆ ತ್ರಾಣವೇ ಇಲ್ಲ ಅಂದು ಹೊರಟುಹೋಗುತ್ತಾನೆ. ವಾರದ ನಂತರ ಸಾಹೇಬನಿಗೆ ಸ್ಮಶಾನದ ದಾರಿಯಲ್ಲಿ ಇಮಾಮ್ ದೀನ್ ಎದುರಾಗುತ್ತಾನೆ. ಜೊತೆಗೆ ಇನ್ನೊಬ್ಬನೇ ಒಬ್ಬ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದು.

ಅಲ್ಲಿಗೆ ಕಥೆ ಮುಗಿಯಿತು. ಒಂದು ಹನಿ ಕಣ್ಣೀರಿನ ವರ್ಣನೆ ಇಲ್ಲ. ಡಾಕ್ಟರನ ಮೇಲೆ ಒಂದು ಟೀಕೆ ಇಲ್ಲ, ಅವನ ಮಾತನ್ನು ಸುಮ್ನೆ ಅಲ್ಲಿಟ್ಟು ಹೋಗುತ್ತಾನೆ. ನನಗೆ ಆಶ್ಚರ್ಯ ಅನಿಸೋದು ಆ ತೊದಲು. ಒಂದು ಮಗುವಿಗೆ ಯಾವ ಅಕ್ಷರ ಬರೋದಿಲ್ಲ ಅಂತ ಗಮನಿಸಿದವನು ಆ ಮಗುವಿನ ಎದುರು ಕೂತು ಕೇಳಿಸಿಕೊಂಡವನೇ ಆಗಿರಬೇಕು. ಇಮಾಮ್ ದೀನ್ ಆಳು, ಕಥೆಗಾರ ಒಡೆಯ, ಇದನ್ನು ಕಥೆ ಎಲ್ಲೂ ಮರೆಮಾಚುವುದಿಲ್ಲ. ಆದರೂ ಆ ಹೆಸರು ಹಿಡಿದು ಕೂಗುವ ಸಲಾಂ ಇದೆಯಲ್ಲ, ಅಲ್ಲಿ ಇಬ್ಬರು ಸಮಾನ ಗಂಡಸರು ಒಬ್ಬರಿಗೊಬ್ಬರು ನಮಸ್ಕಾರ ಹೇಳಿಕೊಳ್ಳುತ್ತಾರೆ.

ಇದೇ ಸಂಕಲನದ ಮೊದಲ ಕಥೆ 'ಲಿಸ್ಪೆತ್'. ಕೋಟ್‌ಗಢದ ಬೆಟ್ಟದ ಹುಡುಗಿ, ಮಿಷನ್ ಮನೆಯಲ್ಲಿ ಬೆಳೆದವಳು. ಒಬ್ಬ ಇಂಗ್ಲಿಷನನ್ನು ಸಾವಿನಿಂದ ಉಳಿಸಿ ಅವನನ್ನೇ ಮದುವೆಯಾಗುತ್ತೇನೆ ಅನ್ನುತ್ತಾಳೆ. ಅವನು ವಾಪಸ್ ಬರುತ್ತೇನೆ ಅಂತ ಸುಳ್ಳು ಹೇಳಿ ಹೋಗುತ್ತಾನೆ. ಪಾದ್ರಿಯ ಹೆಂಡತಿಯೂ ಹೌದು ಬರುತ್ತಾನೆ ಅನ್ನುತ್ತಾಳೆ. ನಿಜ ಗೊತ್ತಾದ ದಿನ ಹುಡುಗಿ ತನ್ನ ಜನರ ಬಟ್ಟೆ ಉಟ್ಟು ಹೊರಟುನಿಂತು, ನೀವು ಇಂಗ್ಲಿಷರೆಲ್ಲ ಸುಳ್ಳುಗಾರರು ಅಂತ ಮುಖಕ್ಕೆ ಹೇಳಿ ಹೋಗುತ್ತಾಳೆ. ಕಥೆ ಅವಳ ಪರವಾಗಿಯೇ ನಿಂತಿದೆ. ಇಂಗ್ಲಿಷರೇ ಓದುವ ಪತ್ರಿಕೆಯಲ್ಲಿ ಇಪ್ಪತ್ತರ ಹುಡುಗ ಬರೆದ ಕಥೆ ಇದು.

ಈಗ ಕವಿತೆಗೆ ಬರೋಣ. ಶಾಲೆಯ ಗೋಡೆಗಳ ಮೇಲೆ ಚೌಕಟ್ಟು ಹಾಕಿ ನೇತುಹಾಕುವ 'ಇಫ್' ನಿಮಗೆಲ್ಲ ಗೊತ್ತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಟ್ರಾನ್ಸ್‌ವಾಲ್ ಮೇಲೆ ದಾಳಿ ಮಾಡಿ ಸೋತ ಜೇಮ್‌ಸನ್ ಅನ್ನುವವನ ಸ್ವಭಾವ ನೋಡಿ ಬರೆದದ್ದು ಅಂತ ಕಿಪ್ಲಿಂಗನೇ ಹೇಳಿದ್ದಾನೆ. ಅದನ್ನು ತಿಳಿದ ಮೇಲೆ ನನಗೆ ಆ ಚೌಕಟ್ಟು ಮೊದಲಿನ ಹಾಗೆ ಕಾಣಲಿಲ್ಲ.

ನಾನು ಓದಿ ತೋರಿಸಿದ್ದು ಬೇರೆ ಎರಡು, 1892ರ 'ಬ್ಯಾರಕ್ ರೂಮ್ ಬ್ಯಾಲಡ್ಸ್' ಸಂಕಲನದವು. ಒಂದು 'ಡ್ಯಾನಿ ಡೀವರ್'. ಮಲಗಿದ್ದ ಜೊತೆಗಾರನನ್ನು ಗುಂಡಿಕ್ಕಿ ಕೊಂದ ಸಿಪಾಯಿಯನ್ನು ಇಡೀ ರೆಜಿಮೆಂಟಿನ ಎದುರು ನೇಣು ಹಾಕುತ್ತಿದ್ದಾರೆ. ಕವಿತೆ ಪೂರ್ತಿ ನಮ್ಮ ಲಾವಣಿಯ ಸವಾಲು ಜವಾಬಿನ ಹಾಗೆ. ಸಾಲಲ್ಲಿ ನಿಂತ ಸಾಮಾನ್ಯ ಸಿಪಾಯಿ ಕೇಳುತ್ತಾನೆ: ಕಹಳೆ ಯಾಕೆ ಊದುತ್ತಿದ್ದಾರೆ? ಸಾರ್ಜೆಂಟ್ ಹೇಳುತ್ತಾನೆ: ನಿನ್ನನ್ನು ಹೊರಗೆ ಕರೆಯಲಿಕ್ಕೆ. ನೀವ್ಯಾಕೆ ಬಿಳಿಚಿಕೊಂಡಿದ್ದೀರಿ? ಏನನ್ನು ನೋಡಬೇಕಾಗಿದೆಯೋ ಅದಕ್ಕೆ ಹೆದರಿದ್ದೇನೆ. ಹೀಗೆ ಹೋಗುತ್ತದೆ. ಕಾಲಾಳುಗಳ ನಡಿಗೆಯ ತಾಳ ಪದಗಳಲ್ಲೇ ಇದೆ. ಗಟ್ಟಿಯಾಗಿ ಓದಿದರೆ ನಿಮ್ಮ ಕಾಲು ತಾನಾಗಿ ತಾಳ ಹಾಕುತ್ತದೆ, ಆಮೇಲೆ ಯಾವುದಕ್ಕೆ ತಾಳ ಹಾಕಿದೆವು ಅಂತ ನೆನಪಾಗಿ ಕಾಲು ನಿಲ್ಲುತ್ತದೆ.

ಇನ್ನೊಂದು 'ಗಂಗಾ ದೀನ್'. ಮಾತಾಡುವವನು ಲಂಡನ್ನಿನ ಬಡ ಬೀದಿಯಿಂದ ಬಂದ ಗೋರಾ ಸಿಪಾಯಿ. ಹ ಕಾರವನ್ನು ನುಂಗಿ ಮಾತಾಡುತ್ತಾನೆ, ನಮ್ಮ ಹಳೇ ಮೈಸೂರು ಕಡೆ ಹಾಲು 'ಆಲು' ಆಗೋ ಹಾಗೆ. ನಡುನಡುವೆ ದಂಡಿನ ಹಿಂದೂಸ್ತಾನಿ: ಜಲ್ದಿ, ಪಾನಿ ಲಾವ್. ಗಂಗಾ ದೀನ್ ಅವನ ರೆಜಿಮೆಂಟಿನ ಭಿಸ್ತಿ. ಆಡಿನ ಚರ್ಮದ ಚೀಲದಲ್ಲಿ ನೀರು ಹೊತ್ತು, ಗುಂಡಿನ ಸುರಿಮಳೆಯ ನಡುವೆ ಓಡಾಡಿ ಬಾಯಾರಿದವರಿಗೆ ಕುಡಿಸುವವನು. ಸಿಪಾಯಿಗಳು ಅವನಿಗೆ ಬೈಯುತ್ತಾರೆ, ಹೊಡೆಯುತ್ತಾರೆ. ಒಂದು ದಿನ ಈ ಸಿಪಾಯಿಗೇ ಗುಂಡು ಬೀಳುತ್ತದೆ. ಗಂಗಾ ದೀನ್ ಅವನ ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಾನೆ. ಪಾಚಿ ಹಸಿರು, ವಾಸನೆ ಹೊಡೆಯುವ ನೀರು. ಜೀವನದಲ್ಲಿ ಅದಕ್ಕಿಂತ ಒಳ್ಳೇದನ್ನು ಕುಡಿದಿಲ್ಲ ಅನ್ನುತ್ತಾನೆ ಸಿಪಾಯಿ. ಅವನನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವಾಗ ಗಂಗಾ ದೀನ್‌ಗೆ ಗುಂಡು ತಗಲುತ್ತದೆ. ಸಾಯುವಾಗ ಅವನು ಕೇಳೋದು, ನೀರು ಹಿಡಿಸಿತಾ ಅಂತ. ಕೊನೆಯ ಸಾಲು ಜಗತ್ತಿಗೆಲ್ಲ ಗೊತ್ತು: ನನಗಿಂತ ನೀನೇ ದೊಡ್ಡ ಮನುಷ್ಯ, ಗಂಗಾ ದೀನ್.

ಆದರೆ ಅದೇ ಕವಿತೆಯ ನಡುವೆ ಇನ್ನೊಂದು ಸಾಲಿದೆ. ಹೊರಗೆ ಚರ್ಮ ಕೊಳಕಾದರೂ ಒಳಗೆ ಅವನು ಬಿಳಿ, ಅಚ್ಚ ಬಿಳಿ ಅನ್ನುತ್ತಾನೆ ಸಿಪಾಯಿ. ಅವನಿಗೆ ಇದು ದೊಡ್ಡ ಹೊಗಳಿಕೆ. ಸಭೆಯಲ್ಲಿ ಒಬ್ಬರು, ಅದು ಪಾತ್ರದ ಮಾತು, ಕವಿಯದ್ದಲ್ಲ ಅಂದರು. ಒಪ್ಪುತ್ತೇನೆ, ಸಿಪಾಯಿ ಹಾಗೇ ಮಾತಾಡುತ್ತಿದ್ದ. ಆದರೂ ಆ ಸಾಲನ್ನು ಬರೆಯುವಾಗ ಕವಿಯ ಕೈ ತಡೆಯಿತು ಅನ್ನೋದಕ್ಕೆ ಕವಿತೆಯಲ್ಲಿ ಒಂದು ಗುರುತೂ ನನಗೆ ಸಿಗಲಿಲ್ಲ.

ಇನ್ನು ಅವನ ಬಾಯಿಯ ಮಾತು. ಇದನ್ನು ಮೆತ್ತಗೆ ಹೇಳಿ ದಾಟಲು ನನಗೆ ಇಷ್ಟ ಇಲ್ಲ. 1899ರಲ್ಲಿ ಅಮೆರಿಕ ಫಿಲಿಪ್ಪೀನ್ಸ್ ದ್ವೀಪಗಳನ್ನು ಹಿಡಿದುಕೊಳ್ಳುವ ಹೊತ್ತಿಗೆ ಅಮೆರಿಕನ್ನರನ್ನು ಹುರಿದುಂಬಿಸಲು 'ಬಿಳಿಯನ ಹೊರೆ' ಬರೆದ. ಹೊಸದಾಗಿ ಸೆರೆಸಿಕ್ಕ ಜನರನ್ನು ಅರ್ಧ ದೆವ್ವ ಅರ್ಧ ಮಗು ಅಂತ ಕರೆದ. ಮುಹಮ್ಮದ್ ದೀನನ ತೊದಲನ್ನು ಅಷ್ಟು ಪ್ರೀತಿಯಿಂದ ಕೇಳಿಸಿಕೊಂಡವನು ಇಡೀ ಜನಾಂಗಗಳನ್ನು 'ಮಗು' ಅಂತ ಕರೆದಾಗ ಆ ಪದಕ್ಕೆ ಎಂಥ ಅರ್ಥ ಬಂತು ನೋಡಿ. ಕಾಂಗ್ರೆಸ್ ಹುಟ್ಟಿದ ಹೊಸತರಲ್ಲಿ ಅದನ್ನು ಹೀಯಾಳಿಸಿದ. ಜಲಿಯನ್‌ವಾಲಾ ಬಾಗ್ ಆದ ಮೇಲೆ 1920ರಲ್ಲಿ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆ ಜನರಲ್ ಡಯರ್‌ಗಾಗಿ ನಿಧಿ ಎತ್ತಿತಲ್ಲ, ಅದಕ್ಕೆ ಹಣ ಕೊಟ್ಟವರಲ್ಲಿ ಕಿಪ್ಲಿಂಗ್ ಕೂಡ ಒಬ್ಬ. ಪಂಜಾಬಿನ ಗಲ್ಲಿ ಗಲ್ಲಿ ಗೊತ್ತಿದ್ದವನು. ಇದಕ್ಕೆ ಯಾವ ಸಮಜಾಯಿಷಿಯೂ ನನ್ನ ಹತ್ತಿರ ಇಲ್ಲ.

ಒಂದು ಕಡೆ ಮಾತ್ರ ಅವನಿಗೆ ಅನ್ಯಾಯ ಆಗಿದೆ. 'ಪೂರ್ವ ಪೂರ್ವವೇ, ಪಶ್ಚಿಮ ಪಶ್ಚಿಮವೇ, ಎರಡೂ ಎಂದೂ ಸೇರವು' ಅಂತ ಎಲ್ಲರೂ ಎತ್ತಿ ಹೇಳುತ್ತಾರೆ. 1889ರ ಆ ಕವಿತೆಯ ಆರಂಭದಲ್ಲೇ, ಮುಂದಿನ ಸಾಲುಗಳಲ್ಲಿ, ಇಬ್ಬರು ಗಟ್ಟಿಗರು ಎದುರುಬದುರು ನಿಂತಾಗ ಪೂರ್ವವೂ ಇಲ್ಲ ಪಶ್ಚಿಮವೂ ಇಲ್ಲ, ಗಡಿಯೂ ಇಲ್ಲ ಹುಟ್ಟೂ ಇಲ್ಲ ಅಂತಿದೆ. ಗಡಿನಾಡಿನ ಕುದುರೆ ಕಳ್ಳ ಕಮಾಲ್‌ನ ಮಗ ಮತ್ತು ಕರ್ನಲ್‌ನ ಮಗ ಕೊನೆಗೆ ಒಡಹುಟ್ಟಿದವರಾಗುವ ಕಥೆ ಅದು.

ನಮ್ಮಲ್ಲಿ ಕಿಪ್ಲಿಂಗ್ ಅಂದರೆ ಮೋಗ್ಲಿ. 90ರ ದಶಕದ ಭಾನುವಾರದ ಬೆಳಗ್ಗೆ ದೂರದರ್ಶನದ ಎದುರು ಕೂತವರು ಸಭೆಯಲ್ಲಿ ಅರ್ಧಕ್ಕರ್ಧ ಇದ್ದರು. ಕಬಿನಿಯಲ್ಲಿ ಕಪ್ಪು ಚಿರತೆ ಕಂಡರೆ ಇವತ್ತಿಗೂ ನಮ್ಮ ಬಾಯಿಗೆ ಮೊದಲು ಬರೋದು ಬಘೀರ ಅನ್ನೋ ಹೆಸರೇ. 'ಜಂಗಲ್ ಬುಕ್' 1894ರದ್ದು, ಎರಡನೆಯದು 1895ರದ್ದು. ಎರಡನ್ನೂ ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಹಿಮ ಬೀಳುವ ಊರಲ್ಲಿ. ಸಿವನಿ ಬೆಟ್ಟ, ವೈನ್‌ಗಂಗಾ ನದಿ ಎಲ್ಲವೂ ಬೇರೆಯವರ ಪುಸ್ತಕಗಳಿಂದ ಮತ್ತು ಕೇಳಿದ ಕಥೆಗಳಿಂದ ಕಟ್ಟಿಕೊಂಡದ್ದು.

ಆ ಕಥೆಗಳಲ್ಲಿ ಕನ್ನಡದವರು ಗಮನಿಸಲೇಬೇಕಾದದ್ದು ಎರಡನೇ ಪುಸ್ತಕದ 'ರೆಡ್ ಡಾಗ್'. ಕೆನ್ನಾಯಿಗಳ ಕಥೆ. ಬಂಡೀಪುರ, ನಾಗರಹೊಳೆಯಲ್ಲಿ ಹಿಂಡಾಗಿ ಓಡುತ್ತವಲ್ಲ, ಸೀಳುನಾಯಿ ಅಂತಲೂ ಕರೆಯುತ್ತೇವೆ, ಅವೇ. ಕಥೆಯಲ್ಲಿ ಇವು ದಖ್ಖನ್ನಿನಿಂದ, ಅಂದರೆ ನಮ್ಮ ದಿಕ್ಕಿನಿಂದ, ಎಲ್ಲವನ್ನೂ ಕೊಲ್ಲುತ್ತಾ ಉತ್ತರಕ್ಕೆ ಬರುತ್ತವೆ. ಆನೆ, ಹುಲಿಗಳೇ ಪಕ್ಕಕ್ಕೆ ಸರಿಯುತ್ತವೆ. ಮೋಗ್ಲಿ ಮೈಗೆಲ್ಲ ಬೆಳ್ಳುಳ್ಳಿ ಉಜ್ಜಿಕೊಂಡು, ಹೆಬ್ಬಾವು ಕಾ ಹೇಳಿಕೊಟ್ಟ ಉಪಾಯದಂತೆ ಕೆನ್ನಾಯಿಗಳನ್ನು ರೇಗಿಸಿ, ಬೆನ್ನಟ್ಟಿಸಿಕೊಂಡು ಓಡಿ, ಜೇನುಬಂಡೆಯ ಅಂಚಿನಿಂದ ನದಿಗೆ ಹಾರುತ್ತಾನೆ. ಎದ್ದ ಹೆಜ್ಜೇನು ಹಿಂಡಿನ ಮೇಲೆ ಬೀಳುತ್ತದೆ. ಆ ಓಟದ ಎರಡು ಪುಟಗಳನ್ನು ನಾನು ಉಸಿರು ಬಿಗಿಹಿಡಿಯದೆ ಓದಿದ್ದೇ ಇಲ್ಲ.

ಕೆನ್ನಾಯಿಗೆ ಇಂಗ್ಲಿಷಿನಲ್ಲಿ 'ಢೋಲ್' ಅನ್ನುತ್ತಾರೆ. ಕಿಪ್ಲಿಂಗ್ ಬಳಸಿದ್ದೂ ಅದೇ ಪದ. ಈ ಪದ ಎಲ್ಲಿಂದ ಬಂತು ಅನ್ನೋದು ಖಚಿತವಾಗಿ ತೀರ್ಮಾನವಾಗಿಲ್ಲ. ಆದರೆ ಕನ್ನಡದ 'ತೋಳ' ಅನ್ನೋ ಪದದಿಂದ ಬಂದಿರಬಹುದು ಅಂತ ಇಂಗ್ಲಿಷ್ ನಿಘಂಟೇ ಸೂಚಿಸುತ್ತದೆ. ಯೋಚಿಸಿ ನೋಡಿ. ಕಥೆಯಲ್ಲಿ ಮೋಗ್ಲಿಯ ತೋಳಗಳು ಯಾರ ವಿರುದ್ಧ ಹೋರಾಡುತ್ತವೋ ಅವರ ಹೆಸರಲ್ಲೇ ನಮ್ಮ ತೋಳ ಕೂತಿರಬಹುದು. ಇದನ್ನು ಹೇಳಿದಾಗ ಸಭೆಯಲ್ಲಿ ಒಂದು ಸಣ್ಣ ಗದ್ದಲವೇ ಎದ್ದಿತು.

'ರಿಕ್ಕಿ ಟಿಕ್ಕಿ ಟಾವಿ' ಕಥೆಯ ಮುಂಗುಸಿಯೂ ಹಾಗೇ. ಆ ಕಥೆ ನಡೆಯೋದು ಬಿಹಾರದ ಸುಗೌಲಿ ದಂಡಿನಲ್ಲಿ. ಕಿಪ್ಲಿಂಗ್‌ನನ್ನು ಸಾಮ್ರಾಜ್ಯವಾದಿ ಅಂತ ಖಂಡಿಸುತ್ತಲೇ ಅವನ ಸಾಲುಗಳು ಯಾಕೆ ಮರೆಯಲಾಗವು ಅಂತ ಕೇಳಿಕೊಂಡ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಹುಟ್ಟಿದ್ದು ಅಲ್ಲೇ ಹತ್ತಿರದ ಮೋತಿಹಾರಿಯಲ್ಲಿ. ಕಥೆಯ ಹಕ್ಕಿಯ ಹೆಸರು ದರ್ಜಿ, ನಮ್ಮ ಸಿಂಪಿಗ. ಹೆದರುಪುಕ್ಕಲ ಚುಚುಂದ್ರ, ನಮ್ಮ ಸೊಂಡಿಲಿ. ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನು ದುಡುಕಿನಿಂದ ಕೊಂದ ತಾಯಿಯ ಕಥೆ ಕೇಳಿ ಬೆಳೆದ ನಮಗೆ ಇಲ್ಲಿ ಮುಂಗುಸಿ ಬದುಕಿ ಉಳಿಯೋದೇ ಒಂದು ಸಮಾಧಾನ.

ಕಾಡಿನ ಕಾನೂನು ಅಂತ ಒಂದು ಪದ್ಯ ಇದೆ ಎರಡನೇ ಪುಸ್ತಕದಲ್ಲಿ. ತೋಳದ ಬಲ ಹಿಂಡು, ಹಿಂಡಿನ ಬಲ ತೋಳ ಅನ್ನೋ ಸೊಗಸಾದ ಸಾಲು ಅದರದ್ದೇ. ಆದರೆ ಪದ್ಯ ಮುಗಿಯೋದು ಒಂದು ಆಜ್ಞೆಯಿಂದ: ಕಾನೂನಿನ ತಲೆ ಕಾಲು ಎಲ್ಲವೂ ಒಂದೇ, ಹೇಳಿದಂತೆ ಕೇಳು. ನಾನು ಇದನ್ನು ಓದುವಾಗೆಲ್ಲ ಪುಣ್ಯಕೋಟಿ ನೆನಪಾಗುತ್ತಾಳೆ. ಅವಳಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ತಾನು ಕೊಟ್ಟ ಮಾತಿಗೆ ತಾನೇ ಹುಲಿಯ ಹತ್ತಿರ ನಡೆದು ಹೋದಳು. ಎರಡೂ ಕಾಡಿನ ಕಥೆ, ಎರಡರಲ್ಲೂ ಒಂದು ಕಟ್ಟಳೆ ಇದೆ, ಆದರೆ ಕಟ್ಟಳೆ ಎಲ್ಲಿಂದ ಬರುತ್ತದೆ ಅನ್ನೋದರಲ್ಲಿ ಎರಡು ಬೇರೆ ಲೋಕಗಳೇ ಇವೆ.

ಅದೇ ಪುಸ್ತಕದಲ್ಲಿ ಮೋಗ್ಲಿ ಇಲ್ಲದ ಒಂದು ಕಥೆ, 'ಪೂರಣ್ ಭಗತನ ಪವಾಡ'. ಒಂದು ಸಂಸ್ಥಾನದ ದಿವಾನ, ಸರ್ ಪದವಿ ಪಡೆದವನು, ಇಂಗ್ಲೆಂಡಿಗೆ ಹೋಗಿ ಮಾನ ಸನ್ಮಾನ ಪಡೆದು ಬಂದವನು, ಒಂದು ದಿನ ಎಲ್ಲವನ್ನೂ ಬಿ‌ಟ್ಟು ಭಿಕ್ಷಾಪಾತ್ರೆ ಹಿಡಿದು ಹಿಮಾಲಯಕ್ಕೆ ನಡೆದುಬಿಡುತ್ತಾನೆ. ಪಾಳುಬಿದ್ದ ಕಾಳಿಗುಡಿಯಲ್ಲಿ ನೆಲೆಸುತ್ತಾನೆ. ಕೆಳಗಿನ ಹಳ್ಳಿಯವರು ಊಟ ತಂದಿಡುತ್ತಾರೆ. ಮುಸುವಗಳು ಬಂದು ಪಕ್ಕದಲ್ಲಿ ಕೂರುತ್ತವೆ, ಬಾರಾಸಿಂಗ ಬಂದು ಕೊಂಬು ಉಜ್ಜುತ್ತದೆ. ವರ್ಷಗಳು ಕಳೆಯುತ್ತವೆ. ಒಂದು ಮಳೆಗಾಲದ ರಾತ್ರಿ ಆ ಪ್ರಾಣಿಗಳೇ ಬಂದು ಅವನನ್ನು ಎಳೆದು ಎಬ್ಬಿಸುತ್ತವೆ. ಬೆಟ್ಟ ಕುಸಿಯಲಿದೆ. ಅವನು ಪಂಜು ಹಿಡಿದು, ಬಾರಾಸಿಂಗದ ಮೇಲೆ ಒರಗಿ ಇಳಿದು ಹೋಗಿ ಹಳ್ಳಿಯನ್ನು ಎಚ್ಚರಿಸಿ, ಎಲ್ಲರನ್ನೂ ಎದುರು ಬೆಟ್ಟಕ್ಕೆ ಹತ್ತಿಸಿ, ಅಲ್ಲೇ ಕೂತು ಪ್ರಾಣ ಬಿಡುತ್ತಾನೆ.

ಸಂನ್ಯಾಸ ಅನ್ನೋದನ್ನು ಇಷ್ಟು ಸಹಜವಾಗಿ, ಒಂದು ಚೂರೂ ವಿಚಿತ್ರ ಅನಿಸದ ಹಾಗೆ ಬರೆದ ಇನ್ನೊಬ್ಬ ಇಂಗ್ಲಿಷ್ ಲೇಖಕನನ್ನು ನಾನು ಓದಿಲ್ಲ. ಆದರೂ ಒಂದು ಕಡೆ ಪ್ರತಿ ಸಲ ಮುಳ್ಳು ಚುಚ್ಚುತ್ತದೆ. ಪೂರಣ್ ಭಗತ್ ಹಳ್ಳಿಯನ್ನು ಉಳಿಸಲು ಎದ್ದಾಗ ಕಿಪ್ಲಿಂಗ್, ಈಗ ಅವನು ಸಾಧು ಅಲ್ಲ, ಆಜ್ಞೆ ಮಾಡಿ ಅಭ್ಯಾಸವಿರುವ ಸರ್ ಪೂರಣ್ ದಾಸ್ ಅನ್ನುತ್ತಾನೆ. ಜನರನ್ನು ಕಾಪಾಡಲು ಸಾಧುವಿನಿಂದ ಯಾಕೆ ಆಗಬಾರದು? ಅದಕ್ಕೆ ಬ್ರಿಟಿಷರು ಕೊಟ್ಟ ಬಿರುದೇ ಮೇಲೇಳಬೇಕೇ? ಕಿವಿ ಪೂರ್ತಿ ಕೇಳಿಸಿಕೊಂಡಿದೆ, ಕೊನೇ ಗಳಿಗೆಯಲ್ಲಿ ಬಾಯಿ ಅಡ್ಡ ಬಂದಿದೆ.

1901ರ 'ಕಿಮ್' ಕಾದಂಬರಿಯಲ್ಲೂ ಇದೇ. ಅದರಲ್ಲಿ ಒಂದು ಭಾಷೆಯ ಕೆಲಸ ಇದೆ, ಕನ್ನಡದವರಿಗೆ ತಟ್ಟನೆ ಅರ್ಥವಾಗುವಂಥದ್ದು. ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ. ಕಿಪ್ಲಿಂಗ್ ತನ್ನ ಪಾತ್ರಗಳು ಹಿಂದೂಸ್ತಾನಿಯಲ್ಲಿ ಮಾತಾಡುವಾಗ ಹಳೆಯ ಇಂಗ್ಲಿಷಿನ 'ದೌ' ಅನ್ನೋ ಏಕವಚನವನ್ನು ವಾಪಸ್ ತಂದ. ಹಾಗಾಗಿ ಲಾಮಾ, ಕುದುರೆ ವ್ಯಾಪಾರಿ ಮಹಬೂಬ್ ಅಲಿ, ರಸ್ತೆಯ ಹಳ್ಳಿಗರು ಎಲ್ಲರ ಮಾತಿನಲ್ಲೂ ಸಲಿಗೆ, ಸಿಟ್ಟು, ಅಕ್ಕರೆ ಕೇಳಿಸುತ್ತದೆ. ಹುಡುಗ ಕಿಮ್ ಇಂಗ್ಲಿಷಿಗೆ ಹೊರಳಿದ ಕೂಡಲೇ ಮಾತು ಸಪ್ಪೆಯಾಗುತ್ತದೆ. ಬೊಂಬಾಯಿಯ ಮನೆಯಲ್ಲಿ ತಡವರಿಸುತ್ತಾ ಇಂಗ್ಲಿಷ್ ಆಡುತ್ತಿದ್ದ ಮಗುವೇ ಇಲ್ಲಿದೆ. ಆದರೆ ಅದೇ ಕಾದಂಬರಿಯಲ್ಲಿ, ಉತ್ತರದ ಹೆದ್ದಾರಿಯಾದ ಗ್ರ್ಯಾಂಡ್ ಟ್ರಂಕ್ ರಸ್ತೆಯ ಬದಿಯಲ್ಲಿ ಒಬ್ಬ ಮುದಿ ಹಿಂದೂಸ್ತಾನಿ ಸೈನಿಕ ಸಿಗುತ್ತಾನೆ. 1857ರ ದಂಗೆ ಸೈನ್ಯಕ್ಕೆ ಹಿಡಿದ ಹುಚ್ಚು ಅನ್ನುತ್ತಾನೆ, ತಾನು ಬ್ರಿಟಿಷರ ಕಡೆ ನಿಂತದ್ದಕ್ಕೆ ಹೆಮ್ಮೆ ಪಡುತ್ತಾನೆ. ಹಾಗೆ ನಿಂತವರು ಇದ್ದರು, ನಿಜ. ಆದರೆ ಇಡೀ ಕಾದಂಬರಿಯಲ್ಲಿ ಬೇರೆ ಥರ ಯೋಚಿಸುವ ಒಬ್ಬ ಮುದುಕನೂ ಸಿಗೋದಿಲ್ಲ. ಅಷ್ಟು ಉದ್ದದ ರಸ್ತೆಯಲ್ಲಿ.

1889ರಲ್ಲಿ ಇಂಡಿಯಾ ಬಿಟ್ಟ. ಕೊನೇ ಸಲ ಬಂದದ್ದು 1891ರ ಕೊನೆಯಲ್ಲಿ, ಕೊಲಂಬೊ ದಾಟಿ ದಕ್ಷಿಣದ ತುದಿಯಿಂದ ರೈಲು ಹತ್ತಿ ಲಾಹೋರಿಗೆ. ನಾಲ್ಕು ಹಗಲು ನಾಲ್ಕು ರಾತ್ರಿ ರೈಲಿನ ಹೊಟ್ಟೆಯಲ್ಲಿ ಕೂತಿದ್ದೆ, ಸುತ್ತಲಿನವರ ಮಾತಿನ ಒಂದು ಪದವೂ ಅರ್ಥವಾಗಲಿಲ್ಲ ಅಂತ ಬರೆದಿದ್ದಾನೆ. ದಕ್ಷಿಣ ಅವನಿಗೆ ಸಿಕ್ಕಿದ್ದು ಅಷ್ಟೇ. ಅವನ 'ಇಂಡಿಯಾ' ಅನ್ನೋ ಪದದೊಳಗೆ ನಾವು ಇರಲಿಲ್ಲ ಅನ್ನೋದನ್ನು ನೆನಪಿಟ್ಟುಕೊಂಡೇ ಅವನನ್ನು ಓದಬೇಕು.

1907ರಲ್ಲಿ ನೊಬೆಲ್ ಬಂತು. ಇಂಗ್ಲಿಷಿನಲ್ಲಿ ಬರೆಯುವವರಲ್ಲಿ ಮೊದಲನೆಯವನು, ಸಾಹಿತ್ಯದ ನೊಬೆಲ್ ಪಡೆದವರಲ್ಲಿ ಇವತ್ತಿಗೂ ಅತಿ ಚಿಕ್ಕ ವಯಸ್ಸಿನವನು, 41. ಅದಕ್ಕೆ ಮೊದಲೇ, 1899ರಲ್ಲಿ, ಆರು ವರ್ಷದ ಮಗಳು ಜೋಸೆಫೀನ್ ನ್ಯೂಮೋನಿಯಾದಿಂದ ತೀರಿಕೊಂಡಿದ್ದಳು. ಆಮೇಲೆ ಮೊದಲ ಮಹಾಯುದ್ಧ. ಮಗ ಜಾನ್‌ಗೆ ಕಣ್ಣು ಸರಿ ಇಲ್ಲ ಅಂತ ಸೈನ್ಯ ಬೇಡ ಅಂದಿತ್ತು. ಅಪ್ಪ ತನ್ನ ಪ್ರಭಾವ ಬಳಸಿ, ಹಿರಿಯ ಸೇನಾನಿ ಲಾರ್ಡ್ ರಾಬರ್ಟ್ಸ್‌ಗೆ ಹೇಳಿ ಐರಿಷ್ ಗಾರ್ಡ್ಸ್ ರೆಜಿಮೆಂಟಿಗೆ ಸೇರಿಸಿದ. 1915ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಹುಡುಗ ಕಾಣೆಯಾದ. ವಯಸ್ಸು 18. ಅಪ್ಪ ಬದುಕಿರುವವರೆಗೆ ಶವ ಸಿಗಲಿಲ್ಲ.

ಆಮೇಲೆ ಬರೆದ 'ಯುದ್ಧದ ಸಮಾಧಿ ಲೇಖಗಳು' ಚಿಕ್ಕ ಚಿಕ್ಕ ಪದ್ಯಗಳು, ಹೆಚ್ಚಿನವು ಎರಡೇ ಸಾಲು. ಸತ್ತವರೇ ಮಾತಾಡುತ್ತಾರೆ. ಅದರಲ್ಲಿ ಒಂದು: 'ನಾವೇಕೆ ಸತ್ತೆವು ಅಂತ ಯಾರಾದರೂ ಕೇಳಿದರೆ, ನಮ್ಮ ಅಪ್ಪಂದಿರು ಸುಳ್ಳು ಹೇಳಿದ್ದರಿಂದ ಅನ್ನಿ.' ಯಾರ ಯಾವ ಸುಳ್ಳು ಅಂತ ವಿಮರ್ಶಕರು ಇನ್ನೂ ವಾದ ಮಾಡುತ್ತಾರೆ. ಮಗನನ್ನು ತಾನೇ ಸೈನ್ಯಕ್ಕೆ ಸೇರಿಸಿದ ಅಪ್ಪ ಬರೆದ ಸಾಲು ಅನ್ನೋದು ಗೊತ್ತಿದ್ದರೆ ನನಗೆ ಬೇರೆ ವಿವರಣೆ ಬೇಕಾಗಿಲ್ಲ.

ಲೂಸ್‌ನಿಂದ ದೂರವಿಲ್ಲದ ನೂವ್ ಶಾಪೆಲ್ ಅನ್ನೋ ಕಡೆ, ಫ್ರಾನ್ಸಿನಲ್ಲಿ ಸತ್ತು ಗೋರಿಯೂ ಸಿಗದ 4,700ಕ್ಕೂ ಹೆಚ್ಚು ಹಿಂದೂಸ್ತಾನಿ ಸೈನಿಕರ ಹೆಸರು ಕೆತ್ತಿದ ಸ್ಮಾರಕ ಇದೆ. 1927ರಲ್ಲಿ ಅದರ ಉದ್ಘಾಟನೆಗೆ ಕಿಪ್ಲಿಂಗ್ ಹೋಗಿದ್ದ. ಅವನ ಸಮಾಧಿ ಲೇಖಗಳಲ್ಲಿ ಅಂಥ ಸಿಪಾಯಿಗೂ ಒಂದು ಇದೆ, 'ಫ್ರಾನ್ಸಿನಲ್ಲಿ ಹಿಂದೂ ಸಿಪಾಯಿ':

ತನ್ನ ನಾಡಲ್ಲಿ ಇವನು ಯಾವ ದೇವರಿಗೆ ಕೈಮುಗಿದನೋ ನಮಗೆ ತಿಳಿಯದು.
ನಮ್ಮ ನಾಡಲ್ಲಿ ಇವನು ತೋರಿದ ಕೆಚ್ಚಿಗೆ ಆ ದೇವರೇ ಫಲ ಕೊಡಲೆಂದು ನಮ್ಮ ಪ್ರಾರ್ಥನೆ.

ಈ ಸಾಲು ಅಚ್ಚಾದ 1919ರಲ್ಲಿ ಕಿಪ್ಲಿಂಗ್‌ಗೆ 53 ವರ್ಷ. ನಮಗೆ ತಿಳಿಯದು ಅಂದ ಆ ದೇವರುಗಳನ್ನು ಐದು ವರ್ಷದವನಿದ್ದಾಗ ಅವನು ಮೀತಾನ ಕೈ ಹಿಡಿದು ನಿಂತು ನೋಡಿದ್ದ.